ಡಾಕ್ಟರೂ ಆಗಬೇಕು, ಯಂತ್ರವನ್ನೂ ಕಟ್ಟಬೇಕು: ಯಾವ ಮೆಡಿಕಲ್ ಕಾಲೇಜು ಸೇರಲಿ?

ಪ್ರಶ್ನೆ: ಮೇಡಂ, ನಾನು ಶಿರಸಿ ಹತ್ತಿರದ ಹಳ್ಳಿಯವಳು. ಸೆಕೆಂಡ್ ಪಿಯುಸಿ, ಪಿಸಿಎಂಬಿ. ಫಿಸಿಕ್ಸ್, ಗಣಿತ ಅಂದರೆ ತುಂಬಾ ಇಷ್ಟ. ತೋಟದ ಪಂಪ್‌ಸೆಟ್ ಕೆಟ್ಟರೆ ಅಪ್ಪನ ಜೊತೆ ನಾನೂ ಬಿಚ್ಚಿ ಕೂರುತ್ತೇನೆ. ಆದರೆ ಡಾಕ್ಟರ್ ಆಗಬೇಕು ಅನ್ನುವ ಆಸೆಯೂ ಚಿಕ್ಕಂದಿನಿಂದ ಇದೆ. ಎಂಜಿನಿಯರಿಂಗ್, ಮೆಡಿಕಲ್ ಎರಡೂ ಸೇರುವ ಕೆಲಸ ಮಾಡಬೇಕೆಂದರೆ ಯಾವ ಮೆಡಿಕಲ್ ಕಾಲೇಜು ಆರಿಸಿಕೊಳ್ಳಬೇಕು? ಮೊದಲು ಬಿಇ ಮಾಡಿ ಆಮೇಲೆ ಎಂಬಿಬಿಎಸ್ ಮಾಡಬಹುದಾ? ಕಾರವಾರದಲ್ಲಿ ಸೀಟು ಸಿಕ್ಕರೆ ಸಾಕಾ, ಅಥವಾ ಸಾಲ ಮಾಡಿಯಾದರೂ ದೊಡ್ಡ ಕಾಲೇಜಿಗೆ ಹೋಗಬೇಕಾ? ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ಮಾವ ಬೈಯುತ್ತಾರೆ.

ಉತ್ತರ: ತಂಗಿ, ನಿನ್ನ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸರ್ಕಾರಿ ಸೀಟು ಸಿಕ್ಕರೆ ಕಾರವಾರಕ್ಕೆ ಧೈರ್ಯವಾಗಿ ಹೋಗು. ಸಾಲ ಮಾಡಿ ದೊಡ್ಡ ಹೆಸರಿನ ಕಾಲೇಜಿಗೆ ಹೋಗಬೇಡ. ನಿನ್ನ ಆಸೆ ಇಂಥದ್ದು ಆಗಿರುವುದರಿಂದಲೇ ಇದನ್ನು ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಕಾರಣ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದೆರಡು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು.

ನಮ್ಮ ದೇಶದಲ್ಲಿ ಪಿಯುಸಿ ಮುಗಿಸಿ ಸೇರಿ, ಎಂಬಿಬಿಎಸ್ ಮತ್ತು ಎಂಜಿನಿಯರಿಂಗ್ ಎರಡನ್ನೂ ಒಂದೇ ಕೋರ್ಸಿನಲ್ಲಿ ಮುಗಿಸಿಕೊಂಡು ಬರುವ ದಾರಿ ಇಲ್ಲ. ಹುಡುಕಿದರೆ ಅಮೆರಿಕದ ಹೆಸರುಗಳು ಸಿಗುತ್ತವೆ. ಇಲಿನಾಯ್ಸ್ ವಿಶ್ವವಿದ್ಯಾಲಯದ ಕಾರ್ಲ್ ಇಲಿನಾಯ್ಸ್ ಮೆಡಿಕಲ್ ಕಾಲೇಜು ಎಂಜಿನಿಯರಿಂಗ್ ಆಧಾರದ ಮೇಲೆಯೇ ಕಟ್ಟಿದ್ದು. ಅದರ ಮೊದಲ ಬ್ಯಾಚು 2018ರಲ್ಲಿ ಸೇರಿತು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಎನ್‌ಮೆಡ್ ಹ್ಯೂಸ್ಟನ್ನಿನಲ್ಲಿದೆ. ಅಲ್ಲಿ ನಾಲ್ಕು ವರ್ಷದಲ್ಲಿ ಎಂಡಿ (ಅಮೆರಿಕದಲ್ಲಿ ಡಾಕ್ಟರ್ ಆಗುವ ಮೊದಲ ಡಿಗ್ರಿ ಅದೇ) ಜೊತೆಗೆ ಎಂಜಿನಿಯರಿಂಗ್ ಮಾಸ್ಟರ್ಸ್ ಕೂಡ ಕೊಡುತ್ತಾರೆ. ಹಾರ್ವರ್ಡ್ ಮತ್ತು ಎಂಐಟಿ ಸೇರಿ ನಡೆಸುವ ಕೋರ್ಸು 1970ರಷ್ಟು ಹಳೆಯದು. ಇವನ್ನೆಲ್ಲ ಓದಿದರೆ ಆಸೆ ಆಗುವುದು ಸಹಜ. ಆದರೆ ಅಲ್ಲಿ ಮೆಡಿಕಲ್‌ಗೆ ಸೇರುವುದು ಡಿಗ್ರಿ ಮುಗಿದ ಮೇಲೆ. ಎಷ್ಟೋ ಕಾಲೇಜುಗಳು ಹೊರದೇಶದವರನ್ನು ತೆಗೆದುಕೊಳ್ಳುವುದೇ ಇಲ್ಲ. ಖರ್ಚಿನ ಮಾತಂತೂ ಬೇಡವೇ ಬೇಡ. ಪಿಯುಸಿ ಮುಗಿಸಿದ ಶಿರಸಿಯ ಹುಡುಗಿಗೆ ಅದು ಈಗಿನ ದಾರಿ ಅಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಐಐಟಿ ಮದ್ರಾಸಿನಲ್ಲಿ 2023ರಿಂದ ಮೆಡಿಕಲ್ ಸೈನ್ಸಸ್ ಅಂಡ್ ಎಂಜಿನಿಯರಿಂಗ್ ಅಂತ ನಾಲ್ಕು ವರ್ಷದ ಬಿಎಸ್ ಕೋರ್ಸು ಇದೆ. ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ನವರ ಆಪ್ಟಿಟ್ಯೂಡ್ ಟೆಸ್ಟ್ ಬರೆದು ಸೇರುವುದು. ಐಐಟಿ ಹೈದರಾಬಾದಿನಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಬಿಟೆಕ್ ಇದೆ. ಬೆಂಗಳೂರಿನ ಕೆಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಇದೆ. ಎಲ್ಲವೂ ಒಳ್ಳೆಯ ಕೋರ್ಸುಗಳೇ. ಆದರೆ ಇದರಲ್ಲಿ ಯಾವುದನ್ನು ಓದಿದರೂ ನೀನು ಡಾಕ್ಟರ್ ಆಗುವುದಿಲ್ಲ. ರೋಗಿಗೆ ಔಷಧಿ ಬರೆಯುವ ಹಕ್ಕು ಬರುವುದಿಲ್ಲ. ಹೆಸರಿನಲ್ಲಿ ಮೆಡಿಕಲ್ ಇದೆ ಅಂತ ಸೇರಿ, ಮೂರನೇ ವರ್ಷದಲ್ಲಿ ಇದು ಗೊತ್ತಾಗಿ ಅತ್ತ ಮಕ್ಕಳಿದ್ದಾರೆ. ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಹಾಗಾಗಿ ಕಾಲೇಜು ಯಾವುದು ಅನ್ನುವುದಕ್ಕೆ ಮೊದಲು ಒಂದು ಪ್ರಶ್ನೆಗೆ ನೀನೇ ಉತ್ತರ ಹೇಳಿಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ ವಾಂತಿ ಮಾಡಿಕೊಂಡು ಬಂದ ಅಜ್ಜನನ್ನು, ಹೆರಿಗೆ ನೋವಿನಲ್ಲಿ ಕೂಗುವ ಹೆಂಗಸನ್ನು ನೋಡಿಕೊಳ್ಳುವ ಜವಾಬ್ದಾರಿ ನಿನಗೆ ಬೇಕಾ? ಬೇಕು ಅನ್ನಿಸಿದರೆ ಎಂಬಿಬಿಎಸ್. ಅಲ್ಲಿ ಅಂಥ ಸೆಳೆತ ಇಲ್ಲ, ಯಂತ್ರ ಅಂದರೆ ಮಾತ್ರ ಜೀವ ಅಂತಾದರೆ ಎಂಬಿಬಿಎಸ್‌ಗೆ ಐದೂವರೆ ವರ್ಷ ಕೊಡಬೇಡ. ಆಸ್ಪತ್ರೆಗೆ ಒಳ್ಳೆಯ ಎಂಜಿನಿಯರೂ ಬೇಕು. ಎರಡರಲ್ಲಿ ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ.

ನಿನ್ನ ಪತ್ರದಲ್ಲಿ ಪಂಪ್‌ಸೆಟ್ ಮಾತು ಇದೆ, ಡಾಕ್ಟರ್ ಆಗುವ ಆಸೆಯ ಮಾತೂ ಇದೆ. ಎರಡೂ ನಿಜ ಅಂದುಕೊಂಡೇ ಮುಂದೆ ಹೇಳುತ್ತೇನೆ.

ಈ ಕೆಲಸ ನಿಜಕ್ಕೂ ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ ಚಿತ್ರಾ ಹೃದಯ ಕವಾಟದ ಕತೆ ತಿಳಿದುಕೋ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾದವರು ನಮ್ಮ ದೇಶದಲ್ಲಿ ಬಹಳ. ಹೆಚ್ಚಿನವರು ಬಡವರು, ಹರೆಯದವರು. ಹೊರದೇಶದ ಕವಾಟದ ಬೆಲೆ ಅವರ ಕೈಗೆ ಎಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್ ಅವರು, ಎಂಜಿನಿಯರ್ ಜಿ.ಎಸ್. ಭುವನೇಶ್ವರ್ ಅವರ ತಂಡದ ಜೊತೆ ಸೇರಿ, ಇಲ್ಲೇ ಕವಾಟ ಮಾಡಲು ಹೊರಟರು.

ಅದು ಸುಲಭದ ಕೆಲಸ ಅಲ್ಲ. ನಿಮಿಷಕ್ಕೆ 70 ಬಡಿತ ಅಂತ ಲೆಕ್ಕ ಹಾಕು. ವರ್ಷಕ್ಕೆ ಸುಮಾರು 3.7 ಕೋಟಿ ಸಲ ಅದು ತೆರೆದು ಮುಚ್ಚಬೇಕು. ಸವೆಯಬಾರದು, ಸಿಕ್ಕಿಹಾಕಿಕೊಳ್ಳಬಾರದು, ರಕ್ತ ಅದರ ಮೇಲೆ ಹೆಪ್ಪುಗಟ್ಟಬಾರದು. ಮೊದಲ ಮಾದರಿಗಳು ಒಂದಾದ ಮೇಲೊಂದು ಸೋತವು. ನಾಲ್ಕನೆಯದು ನಿಂತಿತು. ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹದ ಚೌಕಟ್ಟು, ಗಟ್ಟಿ ಜಾತಿಯ ಪಾಲಿಎಥಿಲೀನಿನ ಬಿಲ್ಲೆ, ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಉಂಗುರ. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಹಾಕಿದರು. ಆಮೇಲೆ 1 ಲಕ್ಷಕ್ಕೂ ಹೆಚ್ಚು ಜನರಿಗೆ ಆ ಕವಾಟ ಸಿಕ್ಕಿದೆ.

ಇಲ್ಲಿ ನೀನು ಗಮನಿಸಬೇಕಾದ ವಿಷಯ ಒಂದಿದೆ. ವಲಿಯತ್ತಾನ್ ಅವರ ಹತ್ತಿರ ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಆದರೆ ಆಪರೇಷನ್ ಟೇಬಲ್ಲಿನ ಮೇಲೆ ಏನು ಬೇಕು, ಏನು ಆಗಬಾರದು ಅನ್ನುವುದು ಅವರಿಗೆ ಗೊತ್ತಿತ್ತು. ಅದನ್ನು ಮಾಡಿ ತೋರಿಸುವ ಕೈ ಎಂಜಿನಿಯರುಗಳದ್ದು. ಆಸ್ಪತ್ರೆ ಮತ್ತು ಉಪಕರಣ ಮಾಡುವ ವಿಭಾಗ ಎರಡೂ ಒಂದೇ ಸಂಸ್ಥೆಯದ್ದು, ಒಂದೇ ಊರಿನಲ್ಲಿ. ಬೆಳಿಗ್ಗೆ ಸೋತದ್ದನ್ನು ಸಂಜೆ ಎದುರಾಬದುರು ಕೂತು ಮಾತಾಡಬಹುದಿತ್ತು. ಕಾಲೇಜು ಆರಿಸುವಾಗ ನಾನು ನೋಡು ಅಂತ ಹೇಳುವುದು ಇದನ್ನೇ: ತುಂಬಾ ರೋಗಿಗಳಿರುವ ಆಸ್ಪತ್ರೆ, ಮತ್ತು ಹತ್ತಿರದಲ್ಲೇ ಎಂಜಿನಿಯರುಗಳು. ಅಲ್ಲಿ ರೋಬೊ ಇದೆಯಾ, ಎಐ ಲ್ಯಾಬ್ ಇದೆಯಾ ಅನ್ನುವುದೆಲ್ಲ ಆಮೇಲೆ.

ರೋಗಿಗಳು ಯಾಕೆ ಮುಖ್ಯ ಅನ್ನುವುದಕ್ಕೆ ನಮ್ಮ ಕರಾವಳಿಯದೇ ಒಂದು ಉದಾಹರಣೆ ಕೊಡುತ್ತೇನೆ. ನಾನು ಎಂಬಿಬಿಎಸ್ ಮುಗಿಸಿ ಉಪಕರಣಗಳ ಕೆಲಸಕ್ಕೆ ಬಂದವಳು. ಒಂದು ತಾಲೂಕು ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಾರ್ಮರ್ ನೋಡಲು ಹೋಗಿದ್ದೆ. ಆಗಷ್ಟೇ ಹುಟ್ಟಿದ ಮಗುವನ್ನು ಮಲಗಿಸಿ ಮೇಲಿನಿಂದ ಬಿಸಿ ಕೊಡುವ ಯಂತ್ರ ಅದು. ಮಗುವಿನ ಹೊಟ್ಟೆಯ ಮೇಲೆ ಒಂದು ಸಣ್ಣ ಸೆನ್ಸರ್ ಅಂಟಿಸಿರುತ್ತಾರೆ. ಚರ್ಮದ ಬಿಸಿ ಕಡಿಮೆ ಆದರೆ ಯಂತ್ರ ಹೀಟರ್ ಜಾಸ್ತಿ ಮಾಡುತ್ತದೆ, ಏರಿದರೆ ಕಡಿಮೆ ಮಾಡುತ್ತದೆ. ಎಂಜಿನಿಯರಿಂಗ್ ಪುಸ್ತಕದಲ್ಲಿ ಇದು ಮೊದಲ ಪಾಠ.

ಈಗ ಆಷಾಢದ ಮಳೆ ಸುರಿಯುತ್ತಿದೆ ಅಂದುಕೋ. ಗೋಡೆಯೆಲ್ಲ ಬೆವರುತ್ತಿದೆ. ಮಗುವಿನ ಚರ್ಮ ಒದ್ದೆ. ಸೆನ್ಸರಿನ ಅಂಟುಪಟ್ಟಿ ಕಿತ್ತು ಬರುತ್ತದೆ. ಸೆನ್ಸರ್ ಜಾರಿ ಬಟ್ಟೆಯ ಮೇಲೆ ಬಿದ್ದರೆ ಅದು ಅಳೆಯುವುದು ಮಗುವಿನ ಬಿಸಿಯನ್ನಲ್ಲ, ಬಟ್ಟೆಯ ಬಿಸಿಯನ್ನು. ಅದು ಮಗುವಿಗಿಂತ ತಂಪು. ಮಗು ತಣ್ಣಗಾಗಿದೆ ಅಂದುಕೊಂಡು ಯಂತ್ರ ಹೀಟರ್ ಏರಿಸುತ್ತಲೇ ಹೋಗುತ್ತದೆ. ಮಗುವಿಗೆ ಬಿಸಿ ಜಾಸ್ತಿಯಾಗಿ ಅಪಾಯ. ಅಲ್ಲಿದ್ದ ಸಿಸ್ಟರ್ ಸಾಮಾನ್ಯ ಪ್ಲಾಸ್ಟರ್ ಪಟ್ಟಿಯನ್ನು ಅಡ್ಡ ಉದ್ದ ಹಾಕಿ ಸೆನ್ಸರನ್ನು ಹಿಡಿದಿಟ್ಟಿದ್ದರು. ಗಂಟೆಗೊಂದು ಸಲ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. "ಮಷಿನ್ ಸರಿ ಇದೆ ಮೇಡಂ, ಅಂಟು ಸರಿ ಇಲ್ಲ" ಅಂದರು.

ಆಸ್ಪತ್ರೆ ನೋಡದ ಎಂಜಿನಿಯರ್ ಈ ಯಂತ್ರವನ್ನು ಉತ್ತಮ ಮಾಡಲು ಹೊರಟರೆ 0.1 ಡಿಗ್ರಿಯನ್ನೂ ಹಿಡಿಯುವ ಸೆನ್ಸರ್ ಹಾಕುತ್ತಾನೆ, ಬಣ್ಣದ ಸ್ಕ್ರೀನ್ ಹಾಕುತ್ತಾನೆ. ಬೇಕಾದದ್ದು ಒದ್ದೆ ಚರ್ಮಕ್ಕೆ ನಿಲ್ಲುವ, ತೆಗೆಯುವಾಗ ಮಗುವಿನ ಎಳೆ ಚರ್ಮ ಸುಲಿಯದ ಅಂಟು. ಸೆನ್ಸರ್ ಜಾರಿದ್ದನ್ನು ಯಂತ್ರವೇ ಗುರುತಿಸುವ ಉಪಾಯ. ಆ ಸಿಸ್ಟರ್ ಪಕ್ಕದಲ್ಲಿ ನಿಂತವರಿಗೆ ಮಾತ್ರ ಇದು ಹೊಳೆಯುತ್ತದೆ. ಎಂಬಿಬಿಎಸ್ ನಿನಗೆ ಕೊಡುವುದು ಹೀಗೆ ನಿಲ್ಲುವ ಜಾಗವನ್ನು, ಅದೂ ವರ್ಷಗಟ್ಟಲೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ಪ್ರಶ್ನೆಗಳಿಗೆ ಬರ ಇಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಬಿದ್ದರೆ ಬೆನ್ನುಹುರಿಗೆ ಪೆಟ್ಟು. ತೋಟದಿಂದ ರಸ್ತೆಗೆ ಎತ್ತಿ ತರುವಾಗಲೇ ಅದು ಇನ್ನಷ್ಟು ಹಾಳಾಗಬಹುದು. ಸಿದ್ದಾಪುರದ ಕಡೆ ಮಂಗನ ಕಾಯಿಲೆ. ಸಮುದ್ರದ ಉಪ್ಪುಗಾಳಿಗೆ ಸರ್ಕಿಟ್ ಬೋರ್ಡುಗಳು ತುಕ್ಕು ಹಿಡಿಯುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಯಂತ್ರ ಸುಟ್ಟು ಹೋಗುತ್ತದೆ. ದೊಡ್ಡ ತೊಂದರೆಯಾದರೆ ಜನ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುತ್ತಾರೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಮ್ಮವರು ಕೂಗುತ್ತಿರುವುದು ನಿನಗೂ ಗೊತ್ತು. ಆ ಘಾಟಿ ದಾರಿಯಲ್ಲಿ ಆಂಬುಲೆನ್ಸಿನೊಳಗೆ ರೋಗಿಗೆ ಏನಾಗುತ್ತದೆ, ಅಲ್ಲಿ ಯಾವ ಉಪಕರಣ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ? ಇದನ್ನು ಇಲ್ಲಿ ಓದುವವರಲ್ಲದೆ ಬೇರೆ ಯಾರು ಕೇಳುತ್ತಾರೆ?

ಈಗ ಕಾಲೇಜಿನ ವಿಷಯ. ಕಾರವಾರದ ಮೆಡಿಕಲ್ ಕಾಲೇಜಿಗೆ, ಅಂದರೆ ಕ್ರಿಮ್ಸ್‌ಗೆ, ಜಿಲ್ಲಾ ಆಸ್ಪತ್ರೆ ಸೇರಿಕೊಂಡಿದೆ. ಮೀನುಗಾರರು, ಕಾಡಿನ ಊರಿನವರು, ಹೆದ್ದಾರಿ ಅಪಘಾತದವರು ಎಲ್ಲ ಅಲ್ಲಿಗೇ ಬರುತ್ತಾರೆ. ಕಾಳಿ ಸೇತುವೆ ದಾಟಿ ಮುಂದೆ ಹೋದರೆ ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ನಿನಗೆ ಬೇಕಾದ ಎರಡೂ ಒಂದೇ ತಾಲೂಕಿನಲ್ಲಿವೆ. ಸೇತುವೆಯಾಚೆಗಿನ ಗೆಳೆತನವನ್ನು ಮಾತ್ರ ನೀನೇ ಬೆಳೆಸಿಕೊಳ್ಳಬೇಕು. ಕೊರತೆಯೂ ಇದೆ, ಅದನ್ನೂ ತಿಳಿದಿರು. ಅಪರೂಪದ, ಕ್ಲಿಷ್ಟವಾದ ಕೇಸುಗಳು ಹೊರಗೆ ಹೋಗಿಬಿಡುವುದರಿಂದ ಅಂಥವು ನಿನ್ನ ಕಣ್ಣಿಗೆ ಕಡಿಮೆ ಬೀಳುತ್ತವೆ.

ರ‍್ಯಾಂಕ್ ಇನ್ನೂ ಚೆನ್ನಾಗಿ ಬಂದರೆ ಸೀಟು ಹಂಚುವ ಕೆಇಎಗೆ ಕೊಡುವ ಕಾಲೇಜುಗಳ ಪಟ್ಟಿಯಲ್ಲಿ, ಅಂದರೆ ಆಪ್ಷನ್ ಎಂಟ್ರಿಯಲ್ಲಿ, ಹುಬ್ಬಳ್ಳಿಯ ಸರ್ಕಾರಿ ಕಾಲೇಜನ್ನು ಕಾರವಾರಕ್ಕಿಂತ ಮೇಲೆ ಹಾಕು. ಉತ್ತರ ಕರ್ನಾಟಕದ ಎಷ್ಟೋ ಜಿಲ್ಲೆಗಳ ರೋಗಿಗಳು ಅಲ್ಲಿಗೆ ಬರುತ್ತಾರೆ. ಎಂಜಿನಿಯರಿಂಗ್ ಕಾಲೇಜುಗಳು ಊರಲ್ಲೇ ಇವೆ, ಪಕ್ಕದ ಧಾರವಾಡದಲ್ಲಿ ಐಐಟಿಯೇ ಇದೆ. ಶಿರಸಿಯಿಂದ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ. ಅದಕ್ಕೂ ಮೇಲೆ ಬೆಂಗಳೂರು ಮೆಡಿಕಲ್ ಕಾಲೇಜು ಇರಲಿ, ಐಐಎಸ್‌ಸಿ ಇರುವ ಊರು ಅನ್ನುವ ಕಾರಣಕ್ಕೆ.

ಮಣಿಪಾಲ ಬಿಟ್ಟೆ ಅಂದುಕೊಳ್ಳಬೇಡ. ಕೇವಲ ಓದಿನ ದೃಷ್ಟಿಯಿಂದ ನೋಡಿದರೆ ನಿನ್ನ ಆಸೆಗೆ ನಮ್ಮ ಸುತ್ತಮುತ್ತ ಅದಕ್ಕಿಂತ ಹೊಂದುವ ಜಾಗ ಕಡಿಮೆ. ಕಸ್ತೂರ್ಬಾ ಮೆಡಿಕಲ್ ಕಾಲೇಜು, ಎಂಐಟಿ (ಅಮೆರಿಕದ್ದಲ್ಲ, ಮಣಿಪಾಲದ ಎಂಜಿನಿಯರಿಂಗ್ ಕಾಲೇಜು) ಎರಡೂ ಒಂದೇ ಊರಿನಲ್ಲಿ, ನಡೆದು ಹೋಗುವ ದೂರ. ಎಂಐಟಿಯಲ್ಲಿ ಬಯೋಮೆಡಿಕಲ್ ವಿಭಾಗವೂ ಇದೆ. ವಲಿಯತ್ತಾನ್ ಅವರೇ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿ ಆಗಿದ್ದರು. ತಡೆ ಇರುವುದು ಫೀಸಿನಲ್ಲಿ. ಮಣಿಪಾಲದಂಥ ಡೀಮ್ಡ್, ಅಂದರೆ ತಾವೇ ಡಿಗ್ರಿ ಕೊಡುವ ಖಾಸಗಿ, ಕಾಲೇಜುಗಳಲ್ಲಿ ಎಂಬಿಬಿಎಸ್ ಫೀಸು ವರ್ಷಕ್ಕೆ 10 ಲಕ್ಷಕ್ಕಿಂತ ಎಷ್ಟೋ ಮೇಲಿರುತ್ತದೆ. ಅಪ್ಪನ ತೋಟ ಅಡ ಇಡಬೇಕಾಗುತ್ತದೆ.

ಸಾಲ ಬೇಡ ಅಂತ ಮೊದಲೇ ಹೇಳಿದ್ದೆನಲ್ಲ, ಕಾರಣ ಇದು. ಎಂಬಿಬಿಎಸ್ ಮುಗಿದ ಕೂಡಲೇ ನಿನ್ನ ಜೊತೆಯವರು ನೀಟ್ ಪಿಜಿ ಬರೆದು ರೇಡಿಯಾಲಜಿಗೋ ಸರ್ಜರಿಗೋ ಹೋಗುತ್ತಾರೆ. ನೀನು ಉಪಕರಣದ ಕೆಲಸಕ್ಕೆ ಹೋದರೆ ಶುರುವಿನ ಕೆಲವು ವರ್ಷ ಸಿಗುವುದು ಸ್ಟೈಪೆಂಡ್ ಅಷ್ಟೇ. ತಲೆ ಮೇಲೆ ಸಾಲ ಇಲ್ಲದಿದ್ದರೆ ಅದರಲ್ಲಿ ಬದುಕಬಹುದು. ತಿಂಗಳು ತಿಂಗಳು ಬ್ಯಾಂಕಿನ ಕಂತು ಕಟ್ಟಬೇಕಾದವಳು ಮೊದಲು ಸಿಕ್ಕ ದೊಡ್ಡ ಸಂಬಳದ ಆಸ್ಪತ್ರೆಗೆ ಸೇರುತ್ತಾಳೆ. ತಪ್ಪಲ್ಲ, ಬೇರೆ ದಾರಿ ಇರುವುದಿಲ್ಲ. ಹೊಸದನ್ನು ಕಟ್ಟುವ ಆಸೆ ಇಟ್ಟುಕೊಂಡಿದ್ದ ಒಳ್ಳೊಳ್ಳೆಯ ಮಕ್ಕಳು ಹೀಗೆ ಕೈಬಿಟ್ಟದ್ದನ್ನು ನೋಡಿ ನನಗೆ ತುಂಬಾ ಸಂಕಟವಾಗಿದೆ. ಪ್ರೈವೇಟ್ ಕಾಲೇಜಿನಲ್ಲಿ ಸರ್ಕಾರಿ ಕೋಟಾ ಸೀಟು ಸಿಕ್ಕರೆ ಅದು ಬೇರೆ ಮಾತು. ಆ ಫೀಸನ್ನು ಅಪ್ಪನ ಜೊತೆ ಕೂತು ಲೆಕ್ಕ ಹಾಕಿ ನೋಡು.

ಆಪ್ಷನ್ ತುಂಬುವ ಮೊದಲು ಆ ಕಾಲೇಜಿನ ಮೂರನೇ ವರ್ಷದವರನ್ನೋ ಇಂಟರ್ನ್‌ಗಳನ್ನೋ ಹಿಡಿದು ಕೇಳು. ಐಸಿಎಂಆರ್‌ನ ಎರಡು ತಿಂಗಳ ವಿದ್ಯಾರ್ಥಿ ಸಂಶೋಧನೆ, ಎಸ್‌ಟಿಎಸ್ ಅಂತಾರೆ, ಅದನ್ನು ನಿಮ್ಮಲ್ಲಿ ಈಚೆಗೆ ಯಾರಾದರೂ ಮಾಡಿದ್ದಾರಾ? ಯಾವ ಪ್ರೊಫೆಸರ್ ಮಾಡಿಸುತ್ತಾರೆ? ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ನಿಯಮಿತವಾಗಿ ಸೇರುತ್ತದಾ? ಕೆಟ್ಟ ವೆಂಟಿಲೇಟರನ್ನು ಯಾರು ರಿಪೇರಿ ಮಾಡುತ್ತಾರೆ, ಆಸ್ಪತ್ರೆಯಲ್ಲೇ ಬಯೋಮೆಡಿಕಲ್ ಎಂಜಿನಿಯರ್ ಇದ್ದಾರಾ? ಈ ಕೊನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. ನೀನು ಕೇಳು. ಅಂಥ ಒಬ್ಬರಿದ್ದರೆ ಐದು ವರ್ಷ ನಿನ್ನ ಗುರು ಅವರೇ.

ಮೊದಲು ಬಿಇ, ಆಮೇಲೆ ಎಂಬಿಬಿಎಸ್? ಆಗುತ್ತದೆ. ನೀಟ್‌ಗೆ ಈಗ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಆದರೆ ನಾನು ಬೇಡ ಅನ್ನುತ್ತೇನೆ. ಬಿಇಗೆ 4 ವರ್ಷ, ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ 5.5 ವರ್ಷ. ಒಟ್ಟು 9.5. ಅಷ್ಟರ ಮೇಲೆ ಪಿಜಿ. ಇನ್ನೊಂದು ಕಷ್ಟ ಏನೆಂದರೆ, ನೀಟ್‌ನ 180 ಪ್ರಶ್ನೆಯಲ್ಲಿ 90 ಬಯಾಲಜಿ. ನಾಲ್ಕು ವರ್ಷ ಬಯಾಲಜಿ ಮುಟ್ಟದೆ ಮತ್ತೆ ಬಂದು, ಆಗಷ್ಟೇ ಪಿಯುಸಿ ಮುಗಿಸಿದವರ ಜೊತೆ ಪೈಪೋಟಿ ಮಾಡಬೇಕು.

ತಿರುಗಿಸಿ ನೋಡು, ದಾರಿ ಸಲೀಸು. ಎಂಬಿಬಿಎಸ್ ಮಾಡಿದವರಿಗೆ ಎಂಜಿನಿಯರಿಂಗ್ ಕಡೆ ಹೋಗಲು ಬಾಗಿಲುಗಳಿವೆ. ಐಐಟಿ ಖರಗಪುರದಲ್ಲಿ ಎಂಬಿಬಿಎಸ್ ಆದವರಿಗೆಂದೇ ಮೂರು ವರ್ಷದ ಮಾಸ್ಟರ್ಸ್ ಇದೆ, ಎಂಎಂಎಸ್‌ಟಿ ಅಂತ. ಅದನ್ನು ನಡೆಸುವ ವಿಭಾಗ 2001ರಲ್ಲಿ ಶುರುವಾದದ್ದು. ಜೋಧಪುರದ ಐಐಟಿ ಮತ್ತು ಏಮ್ಸ್ ಸೇರಿ ವೈದ್ಯಕೀಯ ತಂತ್ರಜ್ಞಾನದ ಕೋರ್ಸು ನಡೆಸುತ್ತವೆ. ಎಂಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ 2020ರಿಂದ ಬಯೋಮೆಡಿಕಲ್ ಪೇಪರ್ ಇದೆ, ಎಂಬಿಬಿಎಸ್ ಆದವರೂ ಬರೆಯಬಹುದು. ದಿಲ್ಲಿಯ ಏಮ್ಸ್ ಮತ್ತು ಐಐಟಿ ಸೇರಿ ಶುರು ಮಾಡಿದ ಬಯೋಡಿಸೈನ್ ಫೆಲೋಶಿಪ್‌ನಲ್ಲಿ ಡಾಕ್ಟರು, ಎಂಜಿನಿಯರು, ಡಿಸೈನರು ಒಂದೇ ತಂಡವಾಗಿ ಆಸ್ಪತ್ರೆ ಸುತ್ತಿ ಸಮಸ್ಯೆ ಹುಡುಕುತ್ತಿದ್ದರು. ಬೆಂಗಳೂರಿನ ಐಐಎಸ್‌ಸಿ ಆಸ್ಪತ್ರೆ ಕಟ್ಟುವ ಯೋಜನೆಯನ್ನು 2022ರಲ್ಲಿ ಘೋಷಿಸಿತು. ಅಲ್ಲಿ ಎಂಬಿಬಿಎಸ್ ಇಲ್ಲ. ಎಂಡಿ ಜೊತೆಗೆ ಪಿಎಚ್‌ಡಿ ಮಾಡಿಸುವುದು ಅವರ ಉದ್ದೇಶ. ನೀನು ಎಂಬಿಬಿಎಸ್ ಮುಗಿಸುವಾಗ ನಿನಗೆ ಬೇಕಾಗುವುದು ಅಂಥದ್ದೇ.

ಹಾಗಾಗಿ ಮಾವನಿಗೆ ಹೇಳು: ಐದೂವರೆ ವರ್ಷ ಒಂದೇ ದೋಣಿ, ಅದು ಎಂಬಿಬಿಎಸ್. ಆ ವರ್ಷಗಳಲ್ಲಿ ಎಂಜಿನಿಯರಿಂಗ್ ಪೂರ್ತಿ ಕಲಿಯಲು ಹೋಗಬೇಡ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯ ಮೊದಲ ವರ್ಷವೇ ಸಾಕು ಸಾಕು ಮಾಡಿಬಿಡುತ್ತದೆ. ಫಿಸಿಯಾಲಜಿ ನಿನಗೆ ಇಷ್ಟವಾಗುತ್ತದೆ ನೋಡು. ರಕ್ತದ ಒತ್ತಡ, ಹರಿವು, ನರದಲ್ಲಿ ಓಡುವ ವಿದ್ಯುತ್ತು, ಎಲ್ಲ ಫಿಸಿಕ್ಸೇ. ಗಣಿತದ ಕೈ ತಪ್ಪದ ಹಾಗೆ ರಜೆಯಲ್ಲಿ ಎನ್‌ಪಿಟಿಇಎಲ್ ಪಾಠ ಕೇಳು. ಐಐಟಿ ಮೇಷ್ಟರುಗಳ ಪಾಠ, ದುಡ್ಡಿಲ್ಲದೆ ನೋಡಬಹುದು. ವಾರ್ಡಿಗೆ ಹೋಗುವಾಗ ಒಂದು ಪುಸ್ತಕ ಇಟ್ಟುಕೋ. ಸಿಸ್ಟರ್‌ಗಳು, ಓಟಿ ಟೆಕ್ನಿಷಿಯನ್‌ಗಳು ಪ್ಲಾಸ್ಟರ್ ಸುತ್ತಿ, ದಾರ ಕಟ್ಟಿ ಯಂತ್ರಗಳನ್ನು ನಡೆಸುತ್ತಿರುವುದನ್ನು ನೋಡಿದಾಗಲೆಲ್ಲ ಬರೆದುಕೋ. ಉಪಾಯ ಬರೆಯಬೇಡ, ತೊಂದರೆ ಮಾತ್ರ ಬರೆ. ರೋಗಿಯ ಹೆಸರು ಬರೆಯಲೇಬಾರದು.

ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಮಾಡಿದ್ದು ಹೀಗೇ. ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆದ ಮೇಲೆ ಮಾತಾಡಲು ಒಂದು ಸಣ್ಣ ಸಾಧನ ಬೇಕು. ಹೊರದೇಶದ್ದಕ್ಕೆ ಸಾವಿರಾರು ರೂಪಾಯಿ. ಕೊಳ್ಳಲಾಗದೆ ಮೂಕರಾಗಿ ಉಳಿಯುವ ರೋಗಿಗಳನ್ನು ನೋಡಿದ ಅವರು ಒಬ್ಬ ಎಂಜಿನಿಯರ್ ಗೆಳೆಯರ ಜೊತೆ ಸೇರಿ ಸುಮಾರು 50 ರೂಪಾಯಿಯ ಸಾಧನ ಮಾಡಿದರು. ಕವಳ, ಹೊಗೆಸೊಪ್ಪು ಬಿಡದ ನಮ್ಮ ಸೀಮೆಯಲ್ಲಿ ಅಂಥ ಸಾಧನದ ಬೆಲೆ ಏನು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇನ್ನು ನೀಟ್ ಈ ಸಲ ಕೈಕೊಟ್ಟರೆ? ಒಂದು ವರ್ಷ ರಿಪೀಟ್ ಮಾಡು, ಅದರಲ್ಲಿ ನಾಚಿಕೆ ಏನೂ ಇಲ್ಲ. ಎರಡನೇ ಸಲವೂ ಸರ್ಕಾರಿ ಸೀಟಿನ ಹತ್ತಿರ ಬರದಿದ್ದರೆ ಮೂರನೇ ವರ್ಷ ಕೋಚಿಂಗ್‌ನಲ್ಲಿ ಕೂರಬೇಡ. ಎಲೆಕ್ಟ್ರಾನಿಕ್ಸೋ ಮೆಕ್ಯಾನಿಕಲ್ಲೋ ತಗೋ, ಮಾಜಾಳಿಯಲ್ಲಾದರೂ ಸರಿ. ಬಿಇ ಆದವರಿಗೆ ಐಐಟಿ ಮದ್ರಾಸು, ವೆಲ್ಲೂರಿನ ಸಿಎಂಸಿ, ಶ್ರೀ ಚಿತ್ರಾ ಮೂರೂ ಸೇರಿ ನಡೆಸುವ ಕ್ಲಿನಿಕಲ್ ಎಂಜಿನಿಯರಿಂಗ್ ಎಂಟೆಕ್ ಇದೆ. ಅದರಲ್ಲಿ ಆಸ್ಪತ್ರೆಯೊಳಗೇ ಕಲಿಯುತ್ತಾರೆ. ಈ ದಾರಿ ತೆರೆದಿರಬೇಕಾದರೆ ಈಗ ಗಣಿತವನ್ನು ಕಡೆಗಣಿಸಬೇಡ. ನೀಟ್‌ಗೆ ಬೇಡ ಅಂತ ಪಿಸಿಎಂಬಿಯ ಎಷ್ಟೋ ಮಕ್ಕಳು ಜನವರಿ ಬರುವಷ್ಟರಲ್ಲಿ ಗಣಿತದ ಪುಸ್ತಕ ಮುಚ್ಚಿಡುತ್ತಾರೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಬೋರ್ಡಿನ ಪಿಸಿಎಂ ಅಂಕವೂ ಅರ್ಧ ಸೇರುತ್ತದೆ. ನಾಲ್ಕೂ ಪೇಪರ್ ಬರೆ. ಬಿಡುವಿದ್ದ ಒಂದು ಶನಿವಾರ ಶಿರಸಿಯ ಪಂಡಿತ ಆಸ್ಪತ್ರೆಗೆ ಹೋಗಿ, ಅನುಮತಿ ಕೇಳಿ, ಅರ್ಧ ದಿನ ಒಪಿಡಿ ಹೊರಗಿನ ಬೆಂಚಿನಲ್ಲಿ ಕೂತು ಬಾ. ಡಾಕ್ಟರ್ ಆಗಬೇಕು ಅಂತ ಆಗಲೂ ಅನ್ನಿಸಿದರೆ ನನಗೆ ಇನ್ನೊಂದು ಪತ್ರ ಬರೆ, ಆಪ್ಷನ್ ಎಂಟ್ರಿ ಪಟ್ಟಿಯನ್ನು ಇಬ್ಬರೂ ಸೇರಿ ಮಾಡೋಣ.